ಬೋರ್ ಕೊರೆಸುವ ಮುನ್ನ ಕಗ್ಗಲ್ಲಿನ ಹುಟ್ಟನ್ನು ತಿಳಿಯಿರಿ

ಕಳೆದ ಬೇಸಗೆಯಲ್ಲಿ ಬಜಗೋಳಿ ಸಮೀಪದ ಹಿರಿಯ ಕೃಷಿಕರೊಬ್ಬರು ನನ್ನನ್ನು ತಮ್ಮ ಅಡಿಕೆ ತೋಟಕ್ಕೆ ಕರೆಸಿಕೊಂಡರು. ತೋಟದ ಮೇಲ್ಬದಿಯಲ್ಲಿ ಎರಡು ಕೊಳವೆಗಳು ನೆಲದಿಂದ ಒಂದೊಂದು ಅಡಿ ಎದ್ದು ನಿಂತಿದ್ದವು. ಅವುಗಳ ಬಾಯಿಗೆ ಗೋಣಿ ಕಟ್ಟಿ ಮೇಲೊಂದು ಕಲ್ಲು ಹೇರಿದ್ದರು. ಮೊಮ್ಮಕ್ಕಳು ಓಡಾಡುವ ಜಾಗ. ಗೋಣಿ ಸಾಲದು, ಕೂಡಲೇ ಗಟ್ಟಿ ಮುಚ್ಚಳ ಹಾಕಿಸಿ ಎಂದು ಮೊದಲು ಅದನ್ನೇ ಹೇಳಿದೆ. ಒಂದು ಬೋರು 420 ಅಡಿ, ಇನ್ನೊಂದು 560 ಅಡಿ. ಎರಡರಲ್ಲಿಯೂ ಬಂದದ್ದು ಹೊಗೆಯಂತಹ ಬೂದು ಹುಡಿ ಮಾತ್ರ. ಮೂರನೆಯದನ್ನು ಕೊರೆಸಲು ಸೊಸೈಟಿಯ ಸಾಲಕ್ಕೆ ಅರ್ಜಿ ಬರೆದಿಟ್ಟಿದ್ದರು.

“ಸಾರ್, ಘಟ್ಟದ ಬುಡ ನಮ್ಮದು. ಆಟಿ ತಿಂಗಳಲ್ಲಿ ಅಂಗಳದಲ್ಲಿ ಕಾಲಿಡಲಿಕ್ಕೆ ಎಡೆಯಿಲ್ಲ, ಅಷ್ಟು ನೀರು. ಅದೆಲ್ಲ ಕೆಳಗೆ ಹೋಗಿ ಎಲ್ಲಿಯಾದರೂ ನಿಂತಿರಬೇಕಲ್ಲ ಮಾರಾಯ್ರೆ? ಇನ್ನೂರು ಅಡಿ ಹೆಚ್ಚು ಕೊರೆದರೆ ಸಿಗಲೇಬೇಕು” ಎಂದರು.

ಭೂಮಿಯ ಅಡಿಯಲ್ಲಿ ಎಲ್ಲೋ ಒಂದು ಕೆರೆಯಂತೆ ನೀರು ತುಂಬಿ ನಿಂತಿದೆ, ಆಳಕ್ಕೆ ಹೋದವರಿಗೆ ಅದು ದಕ್ಕುತ್ತದೆ ಎಂಬ ಈ ನಂಬಿಕೆ ನಮ್ಮ ಕಡೆ ಅನೇಕ ಮನೆಗಳ ಉಳಿತಾಯವನ್ನು ನುಂಗಿದೆ. ಅವರ ಪ್ರಶ್ನೆಗೆ ಉತ್ತರ ಕಲ್ಲಿನಲ್ಲಿದೆ. ಆ ಕಲ್ಲು ಹುಟ್ಟಿದ ರೀತಿಯನ್ನು ತಿಳಿದರೆ ನೀರು ಎಲ್ಲಿರಬಹುದು, ಎಲ್ಲಿರಲಾರದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಆದುದರಿಂದ ಕೃಷಿಕ ಬಾಂಧವರೇ, ಈ ವಾರ ಗೊಬ್ಬರ ಔಷಧಿಗಳ ಮಾತನ್ನು ತುಸು ಬದಿಗಿಟ್ಟು ಕಲ್ಲಿನ ಕತೆಯನ್ನು ಹೇಳುತ್ತೇನೆ.

ನಮ್ಮದು ಕಲ್ಲಿನ ಸೀಮೆ. ಕಾರ್ಕಳ ಎಂಬ ಹೆಸರೇ ಕರಿಕಲ್ಲಿನಿಂದ ಬಂದಿತೆಂದು ಹೇಳುವುದುಂಟು. 1432ರಲ್ಲಿ ವೀರಪಾಂಡ್ಯನು ಬೆಟ್ಟದ ಮೇಲೆ ನಿಲ್ಲಿಸಿದ 42 ಅಡಿಯ ಗೊಮ್ಮಟ, ಅದರ ಎದುರಿನ ದಿಬ್ಬದ ಮೇಲಿನ ಚತುರ್ಮುಖ ಬಸದಿ, ನಮ್ಮ ಕಾಲದಲ್ಲಿ ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದ ಬಳಿ ಕಡೆದು ಧರ್ಮಸ್ಥಳಕ್ಕೆ ಸಾಗಿಸಲ್ಪಟ್ಟ 39 ಅಡಿಯ ಬಾಹುಬಲಿ, ಎಲ್ಲವೂ ಈ ಕಗ್ಗಲ್ಲಿನ ಮಕ್ಕಳು. ನಿಮ್ಮ ಮನೆಯ ಅರೆಯುವ ಕಲ್ಲು, ಮೆಟ್ಟಲು, ದನದ ಹಟ್ಟಿಯ ಹಾಸುಗಲ್ಲು ಕೂಡ ಇದರದೇ ತುಂಡುಗಳು. ಆರು ಶತಮಾನ ಮಳೆ ಸುರಿದರೂ ಗೊಮ್ಮಟನ ಮುಖದ ಕಳೆ ಹೋಗಿಲ್ಲ. ನೀರನ್ನು ಒಳಗೆ ಬಿಟ್ಟುಕೊಳ್ಳದ ಗುಣವಿದ್ದುದರಿಂದಲೇ ಶಿಲ್ಪಿಗಳು ಈ ಕಲ್ಲನ್ನು ಮೆಚ್ಚಿದರು. ಅದೇ ಗುಣ ಬೋರು ಕೊರೆಸುವವನಿಗೆ ಶತ್ರು.

ಒಂದು ತುಂಡು ಕೈಗೆ ತೆಗೆದುಕೊಳ್ಳಿ

ಜಲ್ಲಿ ರಾಶಿಯಿಂದ ಹೊಸದಾಗಿ ಒಡೆದ ಒಂದು ತುಂಡನ್ನು ತಂದು, ನೀರಿನಲ್ಲಿ ತೊಳೆದು ಬಿಸಿಲಿಗೆ ಹಿಡಿಯಿರಿ. ಮೂರು ಬಗೆಯ ಹರಳುಗಳು ಕಾಣುತ್ತವೆ. ಗಾಜಿನ ಚೂರಿನಂತೆ ಮಸುಕಾಗಿ ಹೊಳೆಯುವುದು ಬೆಣಚು. ಹಾಲಿನ ಬಣ್ಣದ, ಕೆಲವೊಮ್ಮೆ ನಸುಗೆಂಪಿನ, ಚಪ್ಪಟೆ ಮೈಯುಳ್ಳದ್ದು ಫೆಲ್ಡ್‌ಸ್ಪಾರ್. ಅಲ್ಲಲ್ಲಿ ಕಪ್ಪಾಗಿ, ಉಗುರಿಗೆ ಪದರ ಪದರವಾಗಿ ಏಳುವುದು ನಮ್ಮ ಕಾಗೆಬಂಗಾರದ ಜಾತಿಯದು. ಈ ಮೂರನ್ನು ಗುರುತಿಸಿದ ಮೇಲೆ ಇನ್ನೊಂದನ್ನು ಗಮನಿಸಿ: ಹರಳಿಗೂ ಹರಳಿಗೂ ನಡುವೆ ಸಂದೇ ಇಲ್ಲ. ಮುರಕಲ್ಲಿನಲ್ಲಿ ಇರುವಂತೆ ತೂತುಗಳಿಲ್ಲ, ಮರಳಿನಲ್ಲಿರುವಂತೆ ಕಾಳುಗಳ ನಡುವೆ ಎಡೆಯಿಲ್ಲ. ಒಂದರ ಮೂಲೆ ಇನ್ನೊಂದರ ಮಡಿಲಿಗೆ ಕಚ್ಚಿ ಕುಳಿತಿದೆ. ಬಿರುಕಿಲ್ಲದ ಇಂತಹ ಕಲ್ಲಿನಲ್ಲಿ ಖಾಲಿ ಜಾಗ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಆ ಒಂದು ಪಾಲಿನಲ್ಲಿ ಸಿಕ್ಕಿಬಿದ್ದ ನೀರೂ ಹರಿದು ನಿಮ್ಮ ಬೋರಿಗೆ ಬರಲಾರದು.

ಇಷ್ಟು ಒತ್ತಾಗಿ ಕಚ್ಚಿಕೊಳ್ಳಲು ಕಾರಣವೇನು? ಈ ಹರಳುಗಳೆಲ್ಲ ಒಂದೇ ಪಾಕದಲ್ಲಿ, ಒಂದರ ಪಕ್ಕದಲ್ಲೊಂದು, ನಿಧಾನವಾಗಿ ಬೆಳೆದವು.

ಭೂಮಿಯೊಳಕ್ಕೆ ಇಳಿದಂತೆ ಶಾಖ ಏರುತ್ತದೆ. ಭೂಖಂಡಗಳ ನೆಲದಲ್ಲಿ ಒಂದು ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿಯಂತೆ ಏರುವುದು ಸಾಮಾನ್ಯ. ಹಲವು ಹತ್ತು ಕಿಲೋಮೀಟರು ಆಳದಲ್ಲಿ, ಹಳೆಯ ಶಿಲೆಗಳು ಇನ್ನೂ ಹಳೆಯ ಶಿಲೆಗಳ ಭಾರಕ್ಕೆ ಸಿಕ್ಕು ಬೇಯುತ್ತಿರುವಲ್ಲಿ, ತುಸು ನೀರಿನ ಅಂಶವೂ ಸೇರಿಕೊಂಡರೆ, 650–700 ಡಿಗ್ರಿಯ ಹೊತ್ತಿಗೆ ಕಲ್ಲು ಬೆವರಲು ತೊಡಗುತ್ತದೆ. ನೀರಿಲ್ಲದಿದ್ದರೆ ಇನ್ನೂ ಬಹಳ ಹೆಚ್ಚು ಶಾಖ ಬೇಕಾಗುತ್ತಿತ್ತು. ಎಲ್ಲ ಕಲ್ಲೂ ಒಮ್ಮೆಲೇ ಕರಗುವುದಿಲ್ಲ. ಬೇಗ ಕರಗುವ ಅಂಶಗಳು ಮೊದಲು ಒಸರಿ ಒಂದಾಗುತ್ತವೆ. ಹೀಗೆ ಕೂಡಿದ ಶಿಲಾರಸ ಸುತ್ತಲಿನ ಗಟ್ಟಿ ಕಲ್ಲಿಗಿಂತ ಹಗುರ. ಆದುದರಿಂದ ಎಲ್ಲಿ ಸಡಿಲು ಸಿಕ್ಕಿದರೆ ಅಲ್ಲಿಂದ ಮೇಲಕ್ಕೆ ನುಸುಳುತ್ತದೆ. ಅದು ನೆಲದ ಮೇಲೆ ಬಂದು ಉಕ್ಕಿದರೆ ಜ್ವಾಲಾಮುಖಿ. ಆದರೆ ಬಹುಪಾಲು ರಸ ಅಷ್ಟು ದೂರ ಬರುವುದೇ ಇಲ್ಲ. ಕೆಲವು ಕಿಲೋಮೀಟರು ಕೆಳಗೇ ನಿಂತು, ಮೇಲಿನ ಕಲ್ಲಿನ ಹೊದಿಕೆಯೊಳಗೆ ಆರುತ್ತದೆ. ದೊಡ್ಡ ಮುದ್ದೆಯಾದರೆ ಆರಲು ಲಕ್ಷಾಂತರ ವರ್ಷ ಹಿಡಿಯುತ್ತದೆ.

ತುಪ್ಪ ಕಾಯಿಸುವ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಯಿಸಿದ ತುಪ್ಪವನ್ನು ಮುಚ್ಚಿ ಬೆಚ್ಚಗಿನ ಮೂಲೆಯಲ್ಲಿಟ್ಟರೆ ಮರುದಿನ ಹರಳು ಹರಳಾಗಿ ಕುಳಿತಿರುತ್ತದೆ. ಅದೇ ತುಪ್ಪವನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ಬೇಗನೆ ತಣಿಸಿದರೆ ಹರಳಿಲ್ಲದೆ ನುಣ್ಣಗೆ ಗಟ್ಟಿಯಾಗುತ್ತದೆ. ಶಿಲಾರಸದ ಸ್ವಭಾವವೂ ಇದೇ. ಆಳದಲ್ಲಿ ನಿಧಾನವಾಗಿ ಆರಿದ್ದು ಕಣ್ಣಿಗೆ ಕಾಣುವ ದೊಡ್ಡ ಹರಳಿನ ಗ್ರಾನೈಟ್. ನೆಲದ ಮೇಲೆ ಬೇಗ ಆರಿದ್ದು ನುಣುಪು ಕಣದ ಲಾವಾಶಿಲೆ. ಎರಡನೆಯದನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಆರು ಮೂಲೆಯ ಕಂಬಗಳನ್ನು ಜೋಡಿಸಿಟ್ಟಂತಿರುವ ಕಲ್ಲುಗಳನ್ನು ನೋಡಿರುತ್ತೀರಿ. ಅದು ಗ್ರಾನೈಟಿನ ದಾಯಾದಿ. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಉಕ್ಕಿ ಬಂದ ರಸವು ಮೇಲೆಯೇ ಆರಿ, ಕುಗ್ಗಿ, ಕೆಸರುಗದ್ದೆ ಒಣಗಿ ಬಿರಿದಂತೆ ಕಂಬಗಳಾಗಿ ಸೀಳಿತು. ಕಾರ್ಕಳದ ಕಗ್ಗಲ್ಲಾದರೋ ಇದಕ್ಕಿಂತ ಬಹಳ ಹಿರಿಯದು. ಕರ್ನಾಟಕದ ಅಡಿಪಾಯವಾದ ಈ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು.

ಆರುವಾಗ ಎಲ್ಲ ಹರಳುಗಳೂ ಒಟ್ಟಿಗೆ ಮೂಡುವುದಿಲ್ಲ. ಸಾಮಾನ್ಯವಾಗಿ ಕಪ್ಪು ಖನಿಜಗಳು ಮೊದಲು, ಆಮೇಲೆ ಫೆಲ್ಡ್‌ಸ್ಪಾರ್, ಕೊನೆಗೆ ಬೆಣಚು. ತಡವಾಗಿ ಬಂದ ಬೆಣಚು ಉಳಿದ ಸಂದುಗೊಂದುಗಳಲ್ಲೆಲ್ಲ ತುಂಬಿಕೊಂಡು ಬಾಗಿಲು ಹಾಕುತ್ತದೆ. ಪಾದೆಯ ಮೈಮೇಲೆ ಬಿಳಿಯ ಹಗ್ಗ ಎಳೆದಂತೆ ಕಾಣುವ ಪಟ್ಟೆಗಳು ಕೊನೆಯಲ್ಲಿ ಉಳಿದ, ನೀರು ಬೆರೆತ ರಸ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದವುಗಳು.

ಒಂದು ಮಾತು ಒಪ್ಪಿಕೊಳ್ಳಬೇಕು. ನಾವು ಕಗ್ಗಲ್ಲು, ಗ್ರಾನೈಟ್ ಎಂದು ಕರೆಯುವುದೆಲ್ಲ ಶುದ್ಧ ಗ್ರಾನೈಟ್ ಅಲ್ಲ. ಕಪ್ಪು ಬಿಳಿ ಪಟ್ಟೆಗಳು ಅಲೆಯಾಡಿದಂತೆ ಕಂಡರೆ ಅದು ನೈಸ್ ಶಿಲೆ; ಆಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಮತ್ತೊಮ್ಮೆ ಸಿಕ್ಕಿ ಹಿಂಡಿಹೋದದ್ದು. ಮಾಳ ಘಾಟಿ ಏರಿ ಕುದುರೆಮುಖದ ಕಡೆ ಹೋದರೆ ಕಲ್ಲಿನ ಜಾತಿಯೇ ಬೇರೆ. ಅಲ್ಲಿ 2005ರ ಕೊನೆಯವರೆಗೆ ಗಣಿಯಿಂದ ತೆಗೆಯುತ್ತಿದ್ದ ಕಬ್ಬಿಣದ ಅದಿರು ಶಿಲಾರಸದಿಂದ ಆರಿದ್ದಲ್ಲ, ಪ್ರಾಚೀನ ಸಮುದ್ರದ ತಳದಲ್ಲಿ ಪದರವಾಗಿ ಕೂತದ್ದು. ಬಾವಿಯ ಮಟ್ಟಿಗೆ ನೈಸ್‌ಗೂ ಗ್ರಾನೈಟಿಗೂ ಹೆಚ್ಚಿನ ಭೇದವಿಲ್ಲ.

ಈ ವಿಷಯವನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟವರಲ್ಲಿ ಒಬ್ಬ ಬೇಸಾಯಗಾರನೂ ಇದ್ದ ಎಂಬುದು ನಮಗೆ ಹೆಮ್ಮೆಯ ಸಂಗತಿ. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ (1726–1797) ವೈದ್ಯ ವಿದ್ಯೆ ಕಲಿತು, ಅದನ್ನು ಬಿಟ್ಟು ಅನೇಕ ವರ್ಷ ತನ್ನ ಜಮೀನಿನಲ್ಲಿ ಉಳುಮೆ ಮಾಡಿಸಿದವನು. ಮಳೆಗೆ ಹೊಲದ ಮಣ್ಣು ಕೊಚ್ಚಿಹೋಗುವುದನ್ನು ನೋಡಿ ಅವನಿಗೆ ಚಿಂತೆ ಹತ್ತಿತು: ಹೀಗೆ ಹೋಗುತ್ತಲೇ ಇದ್ದರೆ ನೆಲವೆಲ್ಲ ಸಮುದ್ರ ಸೇರಬೇಕಲ್ಲ, ಹೊಸ ನೆಲ ಎಲ್ಲಿಂದ ಬರುತ್ತದೆ? ಆ ಕಾಲದ ಅನೇಕ ಪಂಡಿತರು ಗ್ರಾನೈಟ್ ಆದಿಸಮುದ್ರದ ನೀರಿನಿಂದ ತಳದಲ್ಲಿ ಕೂತದ್ದೆಂದು ವಾದಿಸುತ್ತಿದ್ದರು. 1785ರಲ್ಲಿ ಗ್ಲೆನ್ ಟಿಲ್ಟ್ ಎಂಬ ಕಣಿವೆಯ ಹೊಳೆಯಲ್ಲಿ ಹಟನ್, ಕೆಂಪು ಗ್ರಾನೈಟು ಹಳೆಯ ಕಪ್ಪು ಶಿಲೆಯ ಸೀಳುಗಳೊಳಗೆ ಬೇರಿನಂತೆ ನುಗ್ಗಿರುವುದನ್ನು ಕಂಡ. ದ್ರವವಾಗಿದ್ದ ಹೊರತು ಹಾಗೆ ನುಗ್ಗಲಾರದು. ಗ್ರಾನೈಟ್ ಬೆಂಕಿಯ ಮಗು, ಅದೂ ತಾನು ಸೀಳಿದ ಕಲ್ಲಿಗಿಂತ ಕಿರಿಯದು ಎಂಬುದಕ್ಕೆ ಅದು ಸಾಕ್ಷಿಯಾಯಿತು. ಅಂತಹ ಸಾಕ್ಷಿಯನ್ನು ನಮ್ಮ ಯಾವ ಕಲ್ಲುಕೋರೆಯಲ್ಲಿಯೂ ಹುಡುಕಬಹುದು.

ಬಿರುಕು ಬಂದದ್ದು ಹೇಗೆ?

ಹಲವು ಕಿಲೋಮೀಟರು ಕೆಳಗೆ ಆರಿದ ಕಲ್ಲು ಇಂದು ಗೊಮ್ಮಟ ಬೆಟ್ಟವಾಗಿ ಆಕಾಶಕ್ಕೆ ತಲೆಯೆತ್ತಿದೆಯೆಂದರೆ, ಅದರ ಮೇಲಿದ್ದ ಅಷ್ಟೂ ಹೊದಿಕೆ ಮಳೆ ಗಾಳಿಗಳಿಗೆ ಸವೆದು ಸಮುದ್ರ ಸೇರಿದೆ ಎಂದರ್ಥ. ಭಾರ ಇಳಿದಾಗ ಕಲ್ಲು ಮೇಲ್ಮುಖವಾಗಿ ಹಿಗ್ಗುತ್ತದೆ, ಈರುಳ್ಳಿಯ ಸಿಪ್ಪೆಯಂತೆ ಪದರ ಬಿಡುತ್ತದೆ. ಕಲ್ಲು ಒಡೆಯುವವರು ಸಾಲಾಗಿ ಗುಳಿ ತೆಗೆದು ಬೆಣೆ ಹೊಡೆದು ಹಾಸುಗಲ್ಲು ಎಬ್ಬಿಸುವಾಗ ಈ ಪದರವನ್ನೇ ಆಶ್ರಯಿಸುತ್ತಾರೆ. ಅವರಲ್ಲಿ ಅನುಭವಸ್ಥರಿಗೆ ಪಾದೆಯನ್ನು ಸುತ್ತಿಗೆಯಿಂದ ತಟ್ಟಿದ ಸದ್ದಿನಲ್ಲಿಯೇ ಒಳಗೆ ಸೀಳಿದೆಯೇ ಇಲ್ಲವೇ ಎಂದು ತಿಳಿಯುತ್ತದೆ. ಬೋರು ಕೊರೆಸುವ ಮುನ್ನ ಇಂತಹವರನ್ನು ಒಂದು ಮಾತು ಕೇಳಿದರೆ ನಷ್ಟವಿಲ್ಲ.

ಪದರದ ಬಿರುಕುಗಳಲ್ಲದೆ, ಭೂಮಿಯ ಒತ್ತಡದಿಂದ ನೆಟ್ಟಗೆ ಸೀಳಿದ ಬಿರುಕುಗಳೂ ಇವೆ. ಕಗ್ಗಲ್ಲಿನ ಸೀಮೆಯಲ್ಲಿ ಬೋರಿಗೆ ನೀರು ಬರುವುದು ಈ ಬಿರುಕುಗಳಿಂದ ಮಾತ್ರ. ಇಲ್ಲಿ ನೆನಪಿಡಬೇಕಾದ ಅಂಶವೊಂದಿದೆ: ಕೆಳಕ್ಕೆ ಹೋದಂತೆ ಮೇಲಿನ ಭಾರ ಹೆಚ್ಚಿ ಬಿರುಕುಗಳ ಬಾಯಿ ಮುಚ್ಚುತ್ತ ಹೋಗುತ್ತದೆ. ಗಟ್ಟಿ ಕಲ್ಲಿನ ನಾಡಿನಲ್ಲಿ ನೀರು ಕೊಡುವ ಬಿರುಕುಗಳು ಬಹುತೇಕ ಮೇಲಿನ ಮುನ್ನೂರು ಅಡಿಗಳೊಳಗೇ ಇರುತ್ತವೆ. ಆರುನೂರು ಅಡಿಯಲ್ಲಿ ನೀರು ಸಿಕ್ಕಿದವರು ಇಲ್ಲವೆಂದಲ್ಲ. ಸಿಕ್ಕಿದವರ ಸುದ್ದಿ ಪೇಟೆಗೆಲ್ಲ ತಿಳಿಯುತ್ತದೆ, ಸಿಗದವರು ಸುಮ್ಮನಿರುತ್ತಾರೆ, ಅಷ್ಟೇ. ಕೊರೆಯುವಾಗ ಹೊರಬರುವ ಹುಡಿಯನ್ನು ನೋಡುತ್ತಿರಿ. ಕಂದು, ಹಳದಿ ಬಣ್ಣವಿದ್ದರೆ ನೀರು ಓಡಾಡಿ ಕಲ್ಲು ಶಿಥಿಲವಾಗಿದೆ ಎಂದು ತಿಳಿಯಬೇಕು. ನೂರೈವತ್ತು ಇನ್ನೂರು ಅಡಿ ಬರಿಯ ಬೂದು ಹುಡಿಯೇ ಬರುತ್ತಿದ್ದರೆ ನೀವು ಗೊಮ್ಮಟನ ಒಡಲನ್ನು ಕೊರೆಯುತ್ತಿದ್ದೀರಿ; ಯಂತ್ರದವರು ಇನ್ನೂ ನೂರಡಿ ನೋಡುವ ಎಂದರೂ ನಿಲ್ಲಿಸಿಬಿಡಿ. ಅಡಿಯ ಲೆಕ್ಕದಲ್ಲಿ ಹಣ ಪಡೆಯುವವರು ಬೇರೇನು ಹೇಳಿಯಾರು?

ನಮ್ಮ ಪಾದೆಗಳಲ್ಲಿ ಅಲ್ಲಲ್ಲಿ ಕರಿಯ ಕಲ್ಲಿನ ಗೋಡೆಯೊಂದು ಉದ್ದಕ್ಕೂ ಹಾದುಹೋದಂತೆ ಕಾಣುವುದುಂಟು. ಇನ್ನೂ ಆಳದ ಕಪ್ಪು ರಸ ದೊಡ್ಡ ಬಿರುಕಿನಲ್ಲಿ ಏರಿ ಅಲ್ಲಿಯೇ ಗಟ್ಟಿಯಾಗಿ ನಿಂತದ್ದು ಅದು. ಇಂತಹ ಗೋಡೆ ನೆಲದಡಿಯ ನೀರಿಗೆ ಅಣೆಕಟ್ಟಿನಂತೆ ಅಡ್ಡ ನಿಲ್ಲಬಲ್ಲದು. ಗೋಡೆಯ ಮೇಲ್ಬದಿಯ ತೋಟದಲ್ಲಿ ಬಾವಿ ತುಂಬಿದ್ದು ಕೆಳಬದಿಯ ತೋಟದಲ್ಲಿ ಒಣಗಿದ್ದರೆ ನೆರೆಯವನನ್ನು ದೂರುವ ಮುನ್ನ ಇದನ್ನು ನೋಡಿ. ಭೂವಿಜ್ಞಾನಿಗಳು ನೆಲದಲ್ಲಿ ಕಬ್ಬಿಣದ ಗೂಟ ಊರಿ ವಿದ್ಯುತ್ ಹರಿಸಿ, ಅದರ ಪ್ರತಿರೋಧವನ್ನು ಅಳೆದು, ಶಿಥಿಲ ಕಲ್ಲು ಎಷ್ಟು ದಪ್ಪವಿದೆ ಎಂದು ಅಂದಾಜು ಮಾಡುತ್ತಾರೆ. ನೂರಕ್ಕೆ ನೂರು ಸರಿಯಾಗುತ್ತದೆಂದು ನಾನು ಹೇಳುವುದಿಲ್ಲ. ಅಂಗೈಯಲ್ಲಿ ತೆಂಗಿನಕಾಯಿ ನೆಟ್ಟಗೆ ಏಳುವುದನ್ನೂ ಕಂಡಿದ್ದೇನೆ. ಬಿರುಕು ಎಷ್ಟು ಆಳದಲ್ಲಿದೆ ಎಂದು ಆ ಕಾಯಿ ಹೇಳಿದ್ದನ್ನು ಕಂಡಿಲ್ಲ.

ನೀರು ನಿಲ್ಲುವುದು ಕಲ್ಲಿನ ಮೇಲಿನ ಅಂಗಿಯಲ್ಲಿ

ಹಾಗಾದರೆ ವರ್ಷಕ್ಕೆ 4000 ಮಿಲಿಮೀಟರು ದಾಟುವ ನಮ್ಮ ಮಳೆ ಹೋಗುವುದೆಲ್ಲಿಗೆ? ದೊಡ್ಡ ಪಾಲು ತೋಡು ಹಿಡಿದು ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಉಳಿಯುವ ಪಾಲು ನಿಲ್ಲುವುದು ಕಗ್ಗಲ್ಲು ತಾನೇ ಕೊಳೆತು ಹೊದ್ದುಕೊಂಡ ಅಂಗಿಯಲ್ಲಿ.

ಮಳೆನೀರು ಗಾಳಿಯಿಂದಲೂ ಕೊಳೆತ ಸೊಪ್ಪಿನಿಂದಲೂ ತುಸು ಆಮ್ಲವನ್ನು ಹೀರಿಕೊಂಡು ಕಲ್ಲಿಗೆ ಇಳಿಯುತ್ತದೆ. ಬೆಣಚಿಗೆ ಅದು ಏನೂ ಮಾಡಲಾರದು. ಅದು ಮರಳಾಗಿ ಉಳಿಯುತ್ತದೆ. ಸುವರ್ಣಾ ನದಿಯ ಮರಳಿನಲ್ಲಿ ಹೊಳೆಯುವ ಕಣಗಳು ಇವೇ. ಫೆಲ್ಡ್‌ಸ್ಪಾರ್ ಮಾತ್ರ ಸೋಲುತ್ತದೆ. ಅದರಲ್ಲಿದ್ದ ಪೊಟ್ಯಾಷ್, ಸೋಡಾ, ಸುಣ್ಣ ಕರಗಿ ಹೋಗಿ ಮೆತ್ತನೆಯ ಜೇಡಿ ಉಳಿಯುತ್ತದೆ. ಬಾವಿ ತೋಡುವಾಗ ಮುರಕಲ್ಲಿನ ಕೆಳಗೆ ಸಿಗುವ, ಬಿಳಿ, ಹಳದಿ, ನಸುನೇರಳೆ ಬಣ್ಣ ಬೆರೆತ ಶೇಡಿಮಣ್ಣನ್ನು ನೀವೆಲ್ಲ ಬಲ್ಲಿರಿ. ಒಂದು ಕಾಲದಲ್ಲಿ ಅದೇ ಗಟ್ಟಿ ಕಗ್ಗಲ್ಲಾಗಿತ್ತು. ಅದರ ಮೇಲೆ ಬೇರೆಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಮ್ ಅಂಶ ಉಳಿದು ಗಟ್ಟಿಯಾದುದು ಮುರಕಲ್ಲು. ಮುರಕಲ್ಲು ಜರಡಿ, ಮಳೆಯನ್ನು ಒಳಗೆ ಬಿಡುತ್ತದೆ, ಆದರೆ ಹಿಡಿದಿಡುವುದಿಲ್ಲ. ಶೇಡಿ ನೀರನ್ನು ಹೀರಿ ಮೆಲ್ಲಗೆ ಬಿಡುತ್ತದೆ. ಶೇಡಿಗೂ ಗಟ್ಟಿ ಕಲ್ಲಿಗೂ ನಡುವಿನ ಅರೆಕೊಳೆತ ಕಲ್ಲಿನ ಪದರವೇ ನಮ್ಮ ನಿಜವಾದ ಕಣಜ. ನಮ್ಮ ಹಿರಿಯರ ತೆರೆದ ಬಾವಿಗಳು ಈ ಪದರದ ನೀರನ್ನೇ ಎತ್ತುತ್ತಿದ್ದವು. ಗುಡ್ಡೆಯ ಬುಡದಲ್ಲಿ, ಬೈಲಿನ ಅಂಚಿನಲ್ಲಿ ಇದು ದಪ್ಪ. ಬರಿಯ ಪಾದೆಯ ನೆತ್ತಿಯಲ್ಲಿ ಇಲ್ಲವೇ ಇಲ್ಲ.

ಶೇಡಿಯ ಬಗ್ಗೆ ಒಂದು ಎಚ್ಚರಿಕೆ. ನೆನೆದರೆ ಅದು ಹಿಟ್ಟಿನಂತೆ ಕುಸಿಯುತ್ತದೆ. ಬಾವಿಯನ್ನು ಬೇಸಗೆಯಲ್ಲಿಯೇ ತೋಡಿ, ಶೇಡಿ ಕಂಡೊಡನೆ ರಿಂಗ್ ಇಳಿಸಿರಿ. ಬರಿಯ ಗೋಡೆಯ ಕೆಳಗೆ ಆಳುಗಳನ್ನು ಇಳಿಸಬೇಡಿ. ಮನೆಯ ಹಿಂದಿನ ಗುಡ್ಡೆಯನ್ನು ನೆಟ್ಟಗೆ ಕಡಿದು ಶೇಡಿಯನ್ನು ಮಳೆಗೆ ಒಡ್ಡುವುದೂ ಅಪಾಯ.

ಈ ಪಾಠವನ್ನು ನಾನೂ ಒಮ್ಮೆ ತಪ್ಪಾಗಿ ಹೇಳಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗ್ರಾನೈಟಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಪೊಟ್ಯಾಷ್ ಇದೆಯೆಂದು ಕಾಲೇಜಿನಲ್ಲಿ ಓದಿದ್ದ ನೆನಪಿನಿಂದ, ಪಾದೆಯ ಬುಡದ ಅಡಿಕೆ ತೋಟದವರೊಬ್ಬರಿಗೆ “ನಿಮಗೆ ಪೊಟ್ಯಾಷ್ ಹಾಕುವ ಅಗತ್ಯವಿಲ್ಲ, ಗುಡ್ಡೆಯೇ ಕೊಡುತ್ತದೆ” ಎಂದುಬಿಟ್ಟೆ. ಎರಡು ವರ್ಷದಲ್ಲಿ ಅವರ ಫಸಲು ಇಳಿಯಿತು. ಮಣ್ಣು ಪರೀಕ್ಷೆ ಮಾಡಿಸಿದಾಗ ಪೊಟ್ಯಾಷ್ ತಳ ಕಂಡಿತ್ತು. ಗಟ್ಟಿ ಕಲ್ಲಿನಲ್ಲಿರುವುದು ಬೀಗ ಹಾಕಿದ ಪೆಟ್ಟಿಗೆಯ ಹಣ. ಕೊಳೆತು ಬಿಡುಗಡೆಯಾದುದನ್ನು ನಮ್ಮ ಮಳೆ ಬೇರಿಗೆ ಸಿಗುವ ಮುನ್ನವೇ ಹೊಳೆಗೆ ಒಯ್ಯುತ್ತದೆ. ಆದುದರಿಂದ ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸಾದ 140 ಗ್ರಾಂ ಪೊಟ್ಯಾಷ್, ಅಂದರೆ ಸುಮಾರು 230 ಗ್ರಾಂ ಮ್ಯುರಿಯೇಟ್ ಆಫ್ ಪೊಟ್ಯಾಷ್, ನಮ್ಮಲ್ಲಿ ತಪ್ಪಿಸಬಾರದು. ಒಂದೇ ಬಾರಿಗೆ ಸುರಿಯದೆ ಮೂರನೆಯ ಒಂದು ಪಾಲನ್ನು ಮಳೆಗಾಲದ ಮೊದಲು, ಉಳಿದುದನ್ನು ಮಳೆ ತಗ್ಗಿದ ಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕೊಡಿ. ಜೊತೆಗೆ ಸೊಪ್ಪು ಗೊಬ್ಬರವಿದ್ದರೆ ಅದು ಪೊಟ್ಯಾಷನ್ನು ಅಷ್ಟಿಷ್ಟು ಹಿಡಿದಿಡುತ್ತದೆ. ಆ ತೋಟದವರು ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ, ಹೋದಾಗಲೆಲ್ಲ ಕಾಫಿ ಕೊಟ್ಟರು. ಅದೇ ಹೆಚ್ಚು ನಾಚಿಕೆಯಾಗಿತ್ತು.

ಬಜಗೋಳಿಯ ಹಿರಿಯರ ತೋಟಕ್ಕೆ ಮರಳಿ ಬರೋಣ. ಅವರ ಎರಡು ಬೋರುಗಳೂ ಪಾದೆಯ ಮಗ್ಗುಲಲ್ಲಿದ್ದವು. ಪಂಪಿಗೆ ಕರೆಂಟಿನ ಕಂಬ ಹತ್ತಿರವಿದೆ ಎಂಬ ಕಾರಣಕ್ಕೆ ಆ ಜಾಗ ಆರಿಸಿದ್ದರಂತೆ. ತೋಟದ ಕೆಳಗಿನ ಅಂಚಿನಲ್ಲಿ ಅವರ ತಂದೆಯ ಕಾಲದ ಬಾವಿಯೊಂದು ಹೂಳು ತುಂಬಿ ಬಿದ್ದಿತ್ತು. ಬೋರು ಬಂದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಹೂಳು ತೆಗೆಸಿ, ಶೇಡಿಯನ್ನು ದಾಟಿ ಅರೆಕೊಳೆತ ಕಲ್ಲು ಸಿಗುವವರೆಗೆ ಇಳಿಸಿ, ರಿಂಗ್ ಹಾಕಿಸಿದರು. ಮೇಲಿನ ಗುಡ್ಡೆಯಲ್ಲಿ ಮುಚ್ಚಿಹೋಗಿದ್ದ ಹಳೆಯ ಮದಕವನ್ನು ಮಳೆಗಾಲದ ಮೊದಲು ಬಿಡಿಸಿದರು. ತೋಡಿಗೆ ನವೆಂಬರಿನಲ್ಲಿ ಕಟ್ಟ ಕಟ್ಟಿದರು. ಖರ್ಚು ಮೂರನೆಯ ಬೋರಿನದಕ್ಕಿಂತ ಬಹಳ ಕಡಿಮೆಯೇನೂ ಆಗಲಿಲ್ಲ ಎಂದು ಅವರ ಮಗ ಗೊಣಗಿದ್ದುಂಟು.

ಈ ವರ್ಷ ಏಪ್ರಿಲ್ ಎರಡನೆಯ ವಾರದವರೆಗೆ ಆ ಬಾವಿಯಿಂದ ದಿನಕ್ಕೆ ಎರಡು ಗಂಟೆ ಪಂಪು ನಡೆದಿದೆ. ಅನಂತರ ಒಂದು ಗಂಟೆಗೆ ಇಳಿಯಿತು. ಮರಗಳ ಬುಡಕ್ಕೆ ಸೋಗೆ, ಒಣಸೊಪ್ಪು ಹೊದಿಸಿ ಮೇ ತಿಂಗಳನ್ನು ದಾಟಿಸುವ ಯೋಚನೆಯಲ್ಲಿದ್ದಾರೆ. ಸಾಲದ ಅರ್ಜಿಯನ್ನು ಹರಿದಿಲ್ಲ, ಪೆಟ್ಟಿಗೆಯಲ್ಲಿಯೇ ಇದೆ. ಎರಡು ಬೋರುಗಳಿಗೆ ಮಾತ್ರ ಸಿಮೆಂಟಿನ ಮುಚ್ಚಳ ಬಿದ್ದಿದೆ.